ಒಳ್ಳೆಯ ಆಂಪ್ಲಿಫೈಯರ್ ಒಳಗೆ ಏನಿದೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)

ಮುಂದೆ ಚಾಪೆಯ ಮೇಲೆ ಕೂತಿರುವ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳೇ, ಇವತ್ತು ನಿಮ್ಮಿಂದ ನನಗೊಂದು ಕೆಲಸ ಆಗಬೇಕಾಗಿದೆ.

ಹೆಡ್‌ಮೇಷ್ಟ್ರು ಫೋನ್ ಮಾಡಿ, "ಸಾಫ್ಟ್‌ವೇರ್ ಬಗ್ಗೆ ಮಾತಾಡಪ್ಪ, ಮಕ್ಕಳಿಗೆ ಬೆಂಗಳೂರಲ್ಲಿ ಕೆಲಸ ಸಿಗೋದು ಹೇಗೆ ಅಂತ ಹೇಳು" ಎಂದರು. ಸಾರ್, ಅದನ್ನು ಹೇಳುವವರು ಬಹಳ ಜನ ಇದ್ದಾರೆ, ನಾನು ಆಂಪ್ಲಿಫೈಯರ್ ಬಗ್ಗೆ ಹೇಳುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಅರ್ಧ ಗಂಟೆ" ಎಂದರು.

ಕಾರಣ ಇದೆ. ಈ ಹೊಸ ಸಭಾಂಗಣಕ್ಕೆ ಒಂದು ಸ್ಟೀರಿಯೋ ಸೆಟ್ ಕೊಡಿಸಬೇಕೆಂದು ನಮ್ಮ ಬ್ಯಾಚಿನವರು ಮೂರೂವರೆ ಲಕ್ಷ ರೂಪಾಯಿ ಕೂಡಿಸಿದ್ದೇವೆ. ಕೂಡಿಸಿದ್ದೇನೋ ಆಯಿತು, ಆಮೇಲೆ ಎರಡು ತಿಂಗಳಿಂದ ವಾಟ್ಸಾಪ್ ಗುಂಪಿನಲ್ಲಿ ಜಗಳ. ಒಂದು ಪಕ್ಷದವರು, "ಕೊಡುವುದಾದರೆ ಒಳ್ಳೇದನ್ನೇ ಕೊಡೋಣ, ಫಾರಿನ್ ಆಂಪ್ಲಿಫೈಯರ್ ತರಿಸೋಣ, ಹಣ ಪೂರ್ತಿ ಆದರೂ ಆಗಲಿ" ಎನ್ನುತ್ತಾರೆ. ಇನ್ನೊಂದು ಪಕ್ಷದವರು, "ಎಲ್ಲಾ ಒಂದೇ ಕಣ್ರೋ, ಸಾಧಾರಣದ್ದು ತಗೊಂಡು ಉಳಿದ ದುಡ್ಡಲ್ಲಿ ಲ್ಯಾಬಿಗೆ ಆಸಿಲೋಸ್ಕೋಪು, ಮೇಜು, ಸ್ಟೂಲು ಕೊಡಿಸೋಣ" ಎನ್ನುತ್ತಾರೆ. ಕೊನೆಗೆ "ಬಿಇ ಎಲೆಕ್ಟ್ರಾನಿಕ್ಸ್ ಓದಿದವನು ನೀನೇ ಹೇಳು" ಎಂದು ನನ್ನ ತಲೆಗೆ ಕಟ್ಟಿದರು.

ಅದಕ್ಕೇ ಈ ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ಪೆಟ್ಟಿಗೆಗಳಿವೆ. ಒಂದು, ಬೆಂಗಳೂರಿನ ಸ್ನೇಹಿತರೊಬ್ಬರು ಎರವಲು ಕೊಟ್ಟ ವಿದೇಶಿ ಆಂಪ್ಲಿಫೈಯರ್. ಬೆಲೆ ಮೂರು ಲಕ್ಷದ ಮೇಲೆ, ತೂಕ 22 ಕಿಲೋ. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮ ಕಿವಿ ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಇನ್ನೊಂದನ್ನು ನಾನು ಎಸ್.ಪಿ. ರೋಡಿನಲ್ಲಿ ಬಿಡಿಭಾಗ ತಂದು ಭಾನುವಾರಗಳಲ್ಲಿ ಜೋಡಿಸಿದ್ದು. ಖರ್ಚು 14,000 ರೂಪಾಯಿ. ಎರಡೂ ಪ್ರತಿ ಚಾನೆಲ್ಲಿಗೆ 50 ವ್ಯಾಟ್‌ನವು.

ಈಗ ಹತ್ತನೇ ತರಗತಿಯವರು ಲೆಕ್ಕಕ್ಕೆ ತಯಾರಾಗಿ. ಸ್ಪೀಕರ್‌ನ ರೋಧ 8 ಓಮ್ ಎಂದುಕೊಳ್ಳಿ. 50 ವ್ಯಾಟ್ ಬೇಕು. ವಿದ್ಯುತ್ ಪಾಠದಲ್ಲಿ ಓದಿದ್ದೀರಿ, ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ. ತಿರುಗಿಸಿ ಹಾಕಿ. 50ನ್ನು 8ರಿಂದ ಗುಣಿಸಿದರೆ 400, ಅದರ ವರ್ಗಮೂಲ 20. ಅಂದರೆ ಸ್ಪೀಕರಿಗೆ 20 ವೋಲ್ಟ್ ಸಿಗಬೇಕು, ಎರಡೂವರೆ ಆಂಪಿಯರ್ ಹರಿಯಬೇಕು. ಮೊಬೈಲಿನಿಂದಲೋ ಸಿಡಿ ಪ್ಲೇಯರಿನಿಂದಲೋ ಬರುವ ಸಂಕೇತ ಒಂದೆರಡು ವೋಲ್ಟ್ ಇರುತ್ತದೆ. ಒಂದು ಎಂದೇ ಇಟ್ಟುಕೊಳ್ಳೋಣ. ಆಂಪ್ಲಿಫೈಯರ್ ಮಾಡಬೇಕಾದ ಕೆಲಸ ಇಷ್ಟೇ: ಒಂದನ್ನು ಇಪ್ಪತ್ತು ಮಾಡುವುದು. ಆಕಾರ ಮಾತ್ರ ಕೆಡಬಾರದು.

ಬೆಳಿಗ್ಗೆ ವೈರು ಜೋಡಿಸುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು, "ಅಣ್ಣಾ, ವೋಲ್ಟ್ ಜಾಸ್ತಿ ಮಾಡೋಕೆ ಟ್ರಾನ್ಸ್‌ಫಾರ್ಮರ್ ಸಾಕಲ್ವಾ?" ಬಹಳ ಒಳ್ಳೆಯ ಪ್ರಶ್ನೆ. ಸಾಲದಮ್ಮ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಹೆಚ್ಚಿಸಿದಷ್ಟೂ ಆಂಪಿಯರ್ ಇಳಿಯುತ್ತದೆ, ಶಕ್ತಿ ಹುಟ್ಟುವುದಿಲ್ಲ. ಆ 50 ವ್ಯಾಟ್ ಬರುವುದು ಗೋಡೆಯ ಪ್ಲಗ್ಗಿನಿಂದ. ಸ್ಪೀಕರಿನಲ್ಲಿ ನೀವು ಕೇಳುವುದು ಮೊಬೈಲಿನ ಕರೆಂಟನ್ನಲ್ಲ, ಕಂಬದಿಂದ ಬಂದ ಕರೆಂಟನ್ನು. ಸಂಗೀತ ಬರೀ ನಲ್ಲಿ ತಿರುಗಿಸುತ್ತದೆ. ಆ ನಲ್ಲಿಯೇ ಟ್ರಾನ್ಸಿಸ್ಟರ್.

ಕಂಬದ ಕರೆಂಟು ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ಆಡುತ್ತದೆ. ಅದನ್ನು ಡಯೋಡುಗಳಿಂದ ಒಂದೇ ದಿಕ್ಕಿಗೆ ತಿರುಗಿಸಿದರೆ ಸೆಕೆಂಡಿಗೆ 100 ಉಬ್ಬುಗಳು ಸಿಗುತ್ತವೆ. ಉಬ್ಬುಗಳ ನಡುವೆ ನೀರು ಬತ್ತದಂತೆ ನೋಡಿಕೊಳ್ಳುವ ಓವರ್‌ಹೆಡ್ ಟ್ಯಾಂಕು ಕೆಪಾಸಿಟರ್. ನನ್ನ ಪೆಟ್ಟಿಗೆಯಲ್ಲಿ 25-0-25 ವೋಲ್ಟಿನ ಟ್ರಾನ್ಸ್‌ಫಾರ್ಮರ್, 10,000 ಮೈಕ್ರೋಫ್ಯಾರಡ್ ಕೆಪಾಸಿಟರುಗಳು ಇವೆ. ಎರಡು ಆಂಪಿಯರ್ ಎಳೆದರೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಆ ಟ್ಯಾಂಕಿನ ಮಟ್ಟ 2 ವೋಲ್ಟ್ ಇಳಿಯುತ್ತದೆ. ದುಬಾರಿ ಪೆಟ್ಟಿಗೆಯಲ್ಲಿ ಟ್ಯಾಂಕು ಇನ್ನೂ ದೊಡ್ಡದು, ಇಳಿಕೆ ಕಡಿಮೆ. ಅಂದ ಹಾಗೆ, ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರುಗಳಲ್ಲಿ ಚಾರ್ಜು ಉಳಿದಿರುತ್ತದೆ. ಮನೆಯಲ್ಲಿ ಯಾರೂ ಆಂಪ್ಲಿಫೈಯರ್ ಬಿಚ್ಚಿ ಒಳಗೆ ಕೈ ಹಾಕಬೇಡಿ.

ಇಲ್ಲೇ ಒಂದು ಮಾತು. ಅಂಗಡಿಯಲ್ಲಿ ಸಣ್ಣ ಪೆಟ್ಟಿಗೆಯ ಮೇಲೆ "5000 ವ್ಯಾಟ್ ಪಿಎಂಪಿಒ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಹಿಂದೆ ತಿರುಗಿಸಿ ಫ್ಯೂಸ್ ನೋಡಿ. 2 ಆಂಪಿಯರ್ ಫ್ಯೂಸ್ ಇದ್ದರೆ 230ನ್ನು 2ರಿಂದ ಗುಣಿಸಿ. ಗೋಡೆಯಿಂದ ನಿರಂತರವಾಗಿ ಎಳೆಯುವುದೇ 460 ವ್ಯಾಟ್. ಒಳಗೆ ಹೋಗದ್ದು ಹೊರಗೆ ಬರುವುದು ಹೇಗೆ?

ಇನ್ನು ಸ್ಪೀಕರ್. 8 ಓಮ್ ಎಂದು ಹಿಂದೆ ಚೀಟಿ ಅಂಟಿಸಿರುತ್ತಾರೆ, ಆದರೆ ಅದು ಸರಾಸರಿಯ ಮಾತು. ಕೆಲವು ಸ್ವರಗಳಲ್ಲಿ ಅದೇ ಸ್ಪೀಕರ್ 4 ಓಮಿಗೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಆಗ ಅದೇ 20 ವೋಲ್ಟಿಗೆ ಎರಡರಷ್ಟು ಕರೆಂಟು ಕೊಡಬೇಕು. ಸಾಲದ್ದಕ್ಕೆ ಸ್ಪೀಕರ್ ಎಂದರೆ ಅಯಸ್ಕಾಂತದ ನಡುವೆ ಆಡುವ ಸುರುಳಿ, ಅಂದರೆ ಅದೂ ಒಂದು ಡೈನಮೋ. ಅಲುಗಾಡಿದಾಗೆಲ್ಲ ಅದೂ ಕರೆಂಟು ಹುಟ್ಟಿಸಿ ಆಂಪ್ಲಿಫೈಯರಿಗೆ ವಾಪಸು ಕಳಿಸುತ್ತದೆ. ಒಳ್ಳೆಯ ಆಂಪ್ಲಿಫೈಯರ್ ಇದಕ್ಕೆ ಜಗ್ಗಬಾರದು. 8 ಓಮಿಗೆ 50 ವ್ಯಾಟ್ ಕೊಡುವುದು 4 ಓಮಿಗೆ ಸರಿಯಾಗಿ 100 ವ್ಯಾಟ್ ಕೊಡಬೇಕು. ಬರೆದಷ್ಟು ಸುಲಭವಲ್ಲ ಇದು. ಅದಕ್ಕೆ ದಪ್ಪ ಟ್ರಾನ್ಸ್‌ಫಾರ್ಮರ್ ಬೇಕು, ಬಿಸಿ ಹೊರಹಾಕಲು ಅಗಲವಾದ ಅಲ್ಯೂಮಿನಿಯಂ ಹೀಟ್ ಸಿಂಕ್ ಬೇಕು, ಒಂದರ ಜಾಗದಲ್ಲಿ ಮೂರು ಜೋಡಿ ಟ್ರಾನ್ಸಿಸ್ಟರ್ ಬೇಕು. ಆ 22 ಕಿಲೋದಲ್ಲಿ ಬಹುಪಾಲು ಇದೇ. ಇದಕ್ಕೆ ಕೊಟ್ಟ ಹಣ ಮೋಸವಲ್ಲ ಎಂದು ಫಾರಿನ್ ಪಕ್ಷದವರ ಪರವಾಗಿ ಹೇಳಿಬಿಡುತ್ತೇನೆ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಸಂಗೀತದ ಅಲೆ ಸೊನ್ನೆಯ ಮೇಲೂ ಹೋಗುತ್ತದೆ, ಕೆಳಗೂ ಹೋಗುತ್ತದೆ. ಒಂದು ಟ್ರಾನ್ಸಿಸ್ಟರ್ ಮೇಲಿನ ಅರ್ಧ ನೋಡಿಕೊಳ್ಳುತ್ತದೆ, ಇನ್ನೊಂದು ಕೆಳಗಿನ ಅರ್ಧ. ರಿಲೇ ಓಟದ ಹಾಗೆ. ಆದರೆ ಸಿಲಿಕಾನ್ ಟ್ರಾನ್ಸಿಸ್ಟರಿಗೆ ಒಂದು ಸ್ವಭಾವ ಇದೆ, ಸುಮಾರು 0.6 ವೋಲ್ಟ್ ಸಿಗುವ ತನಕ ಅದು ಎದ್ದೇಳುವುದಿಲ್ಲ. ಒಬ್ಬ ಬ್ಯಾಟನ್ ಬಿಟ್ಟಾಯಿತು, ಇನ್ನೊಬ್ಬ ಇನ್ನೂ ಕೈ ಚಾಚಿಲ್ಲ. ಸೊನ್ನೆಯ ಹತ್ತಿರ ಅಲೆ ತುಂಡಾಗುತ್ತದೆ. ಇದಕ್ಕೆ ಕ್ರಾಸೋವರ್ ಡಿಸ್ಟಾರ್ಶನ್ ಎನ್ನುತ್ತಾರೆ.

20 ವೋಲ್ಟಿನಲ್ಲಿ 0.6 ಯಾವ ಲೆಕ್ಕ ಎನ್ನಿಸಬಹುದು. ಜೋರಾಗಿ ಹಾಕಿದಾಗ ನಿಜವಾಗಿಯೂ ಅಷ್ಟೇನೂ ಗೊತ್ತಾಗುವುದಿಲ್ಲ. ಆದರೆ ಹಾಡುಗಾರ ನಿಲ್ಲಿಸಿದ್ದಾರೆ, ತಂಬೂರಿ ಮಾತ್ರ ಮೆಲ್ಲಗೆ ನುಡಿಯುತ್ತಿದೆ ಎಂದುಕೊಳ್ಳಿ. ಆಗ ಸ್ಪೀಕರಿಗೆ ಹೋಗುತ್ತಿರುವುದು ಒಂದು ವ್ಯಾಟಿನ ಐವತ್ತನೇ ಒಂದು ಭಾಗ ಇರಬಹುದು. ಮೊದಲಿನ ಹಾಗೇ ಲೆಕ್ಕ ಹಾಕಿ: 0.02ನ್ನು 8ರಿಂದ ಗುಣಿಸಿ ವರ್ಗಮೂಲ ತೆಗೆದರೆ 0.4 ವೋಲ್ಟ್. ಅಲೆಯ ತುದಿಯೂ 0.6ನ್ನು ಮುಟ್ಟುವುದಿಲ್ಲ. ಏನೂ ಸರಿಪಡಿಸದೆ ಬಿಟ್ಟರೆ ತಂಬೂರಿ ಪೂರ್ತಿಯಾಗಿ ಆ ಗುಂಡಿಯಲ್ಲೇ ಬಿದ್ದುಹೋಗುತ್ತದೆ. ಆಂಪ್ಲಿಫೈಯರಿನ ಯೋಗ್ಯತೆ ತಿಳಿಯುವುದು ಜೋರು ಸದ್ದಿನಲ್ಲಿ ಎಂದು ಜಾತ್ರೆ ನೋಡಿದ ನಾವು ತಿಳಿದಿರುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ತಿಳಿಯುವುದು ಸಣ್ಣ ಸದ್ದಿನಲ್ಲಿ.

ಪರಿಹಾರ ಏನು? ಒಂದು, ಟ್ರಾನ್ಸಿಸ್ಟರುಗಳನ್ನು ಮಲಗಲು ಬಿಡದಿರುವುದು. ಸಂಗೀತ ಇರಲಿ ಬಿಡಲಿ ಕರೆಂಟು ಹರಿಯುತ್ತಲೇ ಇರುವಂತೆ ಮಾಡುವುದು. ಇದು ಕ್ಲಾಸ್ ಎ. ಇಂಗ್ಲೆಂಡಿನ ಜಾನ್ ಲಿನ್ಸ್‌ಲಿ ಹುಡ್ 1969ರ ಏಪ್ರಿಲ್ ತಿಂಗಳ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೀ ನಾಲ್ಕು ಟ್ರಾನ್ಸಿಸ್ಟರಿನ ಇಂಥದ್ದೊಂದು ವಿನ್ಯಾಸ ಕೊಟ್ಟರು. ಇವತ್ತಿಗೂ ಪ್ರಪಂಚದ ತುಂಬ ಹವ್ಯಾಸಿಗಳು ಅದನ್ನು ಜೋಡಿಸುತ್ತಾರೆ. ಧ್ವನಿ ಸೊಗಸು. ಆದರೆ 10 ವ್ಯಾಟ್ ಸಂಗೀತಕ್ಕೆ 27 ವೋಲ್ಟಿನಲ್ಲಿ 1.2 ಆಂಪಿಯರ್ ಸದಾ ಉರಿಸಬೇಕು, ಅಂದರೆ ಒಂದೊಂದು ಚಾನೆಲ್ಲಿಗೂ 32 ವ್ಯಾಟ್. ಹಾಡು ನಿಂತರೂ ಹೀಟ್ ಸಿಂಕ್ ಕಾಯುತ್ತಲೇ ಇರುತ್ತದೆ. ಎರಡನೆಯದು ರಾಜಿ ದಾರಿ: ಬ್ಯಾಟನ್ ಬದಲಿಸುವಾಗ ಇಬ್ಬರೂ ಸ್ವಲ್ಪ ದೂರ ಜೊತೆಯಾಗಿ ಓಡುತ್ತಾರಲ್ಲ, ಹಾಗೆ ಸೊನ್ನೆಯ ಸುತ್ತಮುತ್ತ ಎರಡೂ ಟ್ರಾನ್ಸಿಸ್ಟರ್ ಎಚ್ಚರವಿರುವಂತೆ ಸ್ವಲ್ಪ ಕರೆಂಟು ಹರಿಸಿಡುವುದು. ಬಹುತೇಕ ಆಂಪ್ಲಿಫೈಯರುಗಳು ಹೀಗೇ ಇರುವುದು, ನನ್ನದೂ ಹೀಗೇ. ಗುಂಡಿ ಬಹಳ ಚಿಕ್ಕದಾಗುತ್ತದೆ, ಪೂರ್ತಿ ಮುಚ್ಚುವುದಿಲ್ಲ.

ಮುಚ್ಚದೆ ಉಳಿದದ್ದನ್ನು ಏನು ಮಾಡುವುದು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಸಂಗೀತದಿಂದಲ್ಲ, ಟೆಲಿಫೋನಿನಿಂದ. ಅದೂ ಟ್ರಾನ್ಸಿಸ್ಟರ್ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲು, ವಾಲ್ವುಗಳ ಕಾಲದಲ್ಲಿ. ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರ್ ಇದ್ದರು. ದೂರದ ಊರಿಗೆ ಮಾತು ತಲುಪಬೇಕಾದರೆ ತಂತಿಯ ಉದ್ದಕ್ಕೂ ಒಂದಾದ ಮೇಲೊಂದು ಆಂಪ್ಲಿಫೈಯರ್ ಕೂರಿಸಬೇಕಿತ್ತು. ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಕೆಡಿಸಿದರೆ ಕೊನೆಗೆ ಮಾತೇ ತಿಳಿಯದು. ಬ್ಲ್ಯಾಕ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದರು. 1927ರ ಆಗಸ್ಟ್ 2, ಮಂಗಳವಾರ ಬೆಳಿಗ್ಗೆ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಉಪಾಯ ಹೊಳೆಯಿತು. ಕೈಯಲ್ಲಿದ್ದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹಾಳೆಯ ಮೇಲೆಯೇ ಚಿತ್ರ, ಸಮೀಕರಣ ಬರೆದರು.

ಉಪಾಯ ಇದು. ಬೇಕಾದ್ದಕ್ಕಿಂತ ಸಾವಿರ ಪಟ್ಟು ಹೆಚ್ಚು ವರ್ಧಿಸುವ ಆಂಪ್ಲಿಫೈಯರ್ ಮಾಡು. ಅದರ ಔಟ್‌ಪುಟ್‌ನ ಇಪ್ಪತ್ತನೇ ಒಂದು ಭಾಗ ತಂದು ಇನ್‌ಪುಟ್‌ನಿಂದ ಕಳೆ. ಎರಡೂ ಒಂದೇ ಆಗಿದ್ದರೆ ಔಟ್‌ಪುಟ್ ಸರಿಯಾಗಿ ಇಪ್ಪತ್ತು ಪಟ್ಟು ಇದೆ ಎಂದರ್ಥ. ವ್ಯತ್ಯಾಸ ಇದ್ದರೆ ಆ ವ್ಯತ್ಯಾಸವೇ ವರ್ಧಿಸಿ ತಪ್ಪನ್ನು ತಿದ್ದುತ್ತದೆ. ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎಂದು ಹೆಸರು. ಲೆಕ್ಕ ನೋಡಿ. ಒಳಗಿನ ವರ್ಧನೆ 20,000 ಇದ್ದರೆ ಹೊರಗೆ ಸಿಗುವುದು 19.98. ಬಿಸಿಯಿಂದಲೋ ವಯಸ್ಸಾಗಿಯೋ ಒಳಗಿನ ವರ್ಧನೆ ಅರ್ಧಕ್ಕೆ, 10,000ಕ್ಕೆ ಇಳಿಯಿತು ಎನ್ನಿ. ಹೊರಗೆ 19.96. ಒಳಗೆ ಅರ್ಧ ಹೋದರೂ ಹೊರಗೆ ಸಾವಿರಕ್ಕೆ ಒಂದು ಪಾಲು ವ್ಯತ್ಯಾಸ! ವರ್ಧನೆಯನ್ನು ಪಡೆಯಲು ಎಲ್ಲರೂ ಒದ್ದಾಡುತ್ತಿದ್ದಾಗ ಇವರು ಅದನ್ನೇ ಬೇಕೆಂದು ಚೆಲ್ಲುತ್ತಾರಲ್ಲ ಎಂದು ಆಗಿನವರಿಗೆ ನಂಬಿಕೆಯೇ ಬರಲಿಲ್ಲ. 1928ರಲ್ಲಿ ಹಾಕಿದ ಪೇಟೆಂಟ್ ಅರ್ಜಿ ಮಂಜೂರಾದದ್ದು 1937ರಲ್ಲಿ.

ಫೀಡ್‌ಬ್ಯಾಕ್ ಇದ್ದಮೇಲೆ ಎಲ್ಲ ಮುಗಿಯಿತೇ? ಇಲ್ಲ. ತಿದ್ದುಪಡಿ ಹೊತ್ತಿಗೆ ಸರಿಯಾಗಿ ಬರಬೇಕು. ತಡವಾಗಿ ಬಂದ ತಿದ್ದುಪಡಿ ತಪ್ಪನ್ನು ಕಳೆಯುವ ಬದಲು ಕೂಡಿಸುತ್ತದೆ. ಪ್ರಾರ್ಥನೆಯ ವೇಳೆ ಮೈಕನ್ನು ಸ್ಪೀಕರಿನ ಮುಂದೆ ಹಿಡಿದರೆ ಕುಯ್ಯೋ ಎಂದು ಕಿರುಚುತ್ತದಲ್ಲ, ಅಂಥ ಗತಿ. ಆಂಪ್ಲಿಫೈಯರಿನಲ್ಲಿ ಅದು ಕಿವಿಗೆ ಕೇಳದ ಎತ್ತರದ ಕಂಪನಾಂಕದಲ್ಲಿ ಆಗುತ್ತದೆ, ಸದ್ದಿಲ್ಲದೆ ಟ್ರಾನ್ಸಿಸ್ಟರ್ ಸುಡುತ್ತದೆ. ಎಷ್ಟು ತಡವಾದರೆ ಅಪಾಯ ಎಂಬುದಕ್ಕೆ ಗಣಿತ ಕೊಟ್ಟವರು ಅದೇ ಬೆಲ್ ಲ್ಯಾಬೊರೇಟರೀಸ್‌ನ ಹ್ಯಾರಿ ನೈಕ್ವಿಸ್ಟ್, 1932ರಲ್ಲಿ. ನನ್ನ ಕಚೇರಿಯಲ್ಲಿ ಸಂಗೀತ ಇಲ್ಲ, ಆದರೆ ಈ ಗಣಿತ ಇದೆ. ಜನ ಹೆಚ್ಚಾದಾಗ ಸರ್ವರುಗಳನ್ನು ಹೆಚ್ಚಿಸುವ, ಕಡಿಮೆಯಾದಾಗ ಇಳಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸದ ಒಂದು ಭಾಗ. ಅಳತೆ ತಡವಾಗಿ ಬಂದರೆ ಸರ್ವರುಗಳೂ ಹೀಗೇ ಏರಿ ಇಳಿದು ಏರಿ ಇಳಿದು ಒದ್ದಾಡುತ್ತವೆ. ಹೆಡ್‌ಮೇಷ್ಟ್ರು ಕೇಳಿದ ಸಾಫ್ಟ್‌ವೇರ್ ಭಾಷಣ ಇಷ್ಟಕ್ಕೆ ಆಯಿತು ಎಂದುಕೊಳ್ಳುತ್ತೇನೆ.

ಇಷ್ಟು ತಿಳಿದ ಮೇಲೆ ನನಗೆ ಬಹಳ ಇಷ್ಟವಾದ ಒಂದು ಆಂಪ್ಲಿಫೈಯರ್ ಬಗ್ಗೆ ಹೇಳದೆ ಇರಲಾರೆ. ಇಂಗ್ಲೆಂಡಿನ ಹಂಟಿಂಗ್‌ಡನ್ ಎಂಬ ಊರಿನ ಕ್ವಾಡ್ ಕಂಪನಿ 1975ರಲ್ಲಿ ತಂದ 405. ಚಾನೆಲ್ಲಿಗೆ 100 ವ್ಯಾಟ್. ವಿನ್ಯಾಸ ಮಾಡಿದವರು ಪೀಟರ್ ವಾಕರ್ ಮತ್ತು ಮೈಕೆಲ್ ಆಲ್ಬಿನ್ಸನ್. ಕ್ಲಾಸ್ ಎ ಒಳ್ಳೆಯದು, ಆದರೆ ಬಿಸಿ. ರಾಜಿ ದಾರಿ ತಣ್ಣಗೆ, ಆದರೆ ಎಷ್ಟು ಕರೆಂಟು ಹರಿಸಿಡಬೇಕೆಂದು ಒಂದೊಂದು ಪೆಟ್ಟಿಗೆಯನ್ನೂ ಕೂತು ಹೊಂದಿಸಬೇಕು, ಬಿಸಿಯಾದಂತೆ ಆ ಹೊಂದಾಣಿಕೆ ಜಾರುತ್ತದೆ. ಇವರು ಇದೆರಡನ್ನೂ ಬಿಟ್ಟು ಒಂದು ಚಿಕ್ಕ, ಅಚ್ಚುಕಟ್ಟಾದ ಕ್ಲಾಸ್ ಎ ಆಂಪ್ಲಿಫೈಯರನ್ನೂ, ಅದರ ಜೊತೆಗೆ ಗುಂಡಿ ಇದ್ದರೂ ಚಿಂತೆಯಿಲ್ಲ ಎಂಬಂಥ ದೊಡ್ಡ ಟ್ರಾನ್ಸಿಸ್ಟರುಗಳನ್ನೂ ಇಟ್ಟರು.

ನಮ್ಮೂರ ತೇರು ನೆನೆಸಿಕೊಳ್ಳಿ. ಹಗ್ಗ ಎಳೆಯುವವರು ನೂರಾರು ಜನ. ಗಾಲಿಯ ಪಕ್ಕದಲ್ಲಿ ಮರದ ದಿಮ್ಮಿ ಹಿಡಿದು ನಿಂತು, ಬೇಕಾದ ಕಡೆ ಕೊಟ್ಟು ದಾರಿ ತಿದ್ದುವವರು ನಾಲ್ಕೈದು ಜನ. ಎಳೆಯುವವರು ಸರಿಯಾಗಿ ಎಳೆದರೋ ಓರೆಯಾಗಿ ಎಳೆದರೋ, ತೇರು ಬೀದಿಯ ನಡುವೆಯೇ ಹೋಗುವುದು ಆ ನಾಲ್ಕೈದು ಜನರಿಂದ. 405ರಲ್ಲಿ ದೊಡ್ಡ ಟ್ರಾನ್ಸಿಸ್ಟರುಗಳು ಹಗ್ಗ ಎಳೆಯುತ್ತವೆ, ಚಿಕ್ಕ ಆಂಪ್ಲಿಫೈಯರ್ ದಿಮ್ಮಿ ಕೊಡುತ್ತದೆ. ಸೊನ್ನೆಯ ಹತ್ತಿರ ದೊಡ್ಡವು ಮಲಗಿದಾಗ ಚಿಕ್ಕದು ಒಂದೇ ಸ್ಪೀಕರನ್ನು ನಡೆಸುತ್ತದೆ. ತಿದ್ದುವಿಕೆಯ ಪ್ರಮಾಣವನ್ನು ನಿರ್ಧರಿಸುವುದು ಬರೀ ನಾಲ್ಕು ಬಿಡಿಭಾಗ: 500 ಓಮ್ ಮತ್ತು 47 ಓಮಿನ ರೋಧಗಳು, 120 ಪಿಕೋಫ್ಯಾರಡ್ ಕೆಪಾಸಿಟರ್, 3 ಮೈಕ್ರೋಹೆನ್ರಿ ಸುರುಳಿ. ವೀಟ್‌ಸ್ಟನ್ ಬ್ರಿಡ್ಜ್ ಎಂದು ಪಿಯುಸಿಯಲ್ಲಿ ಓದುತ್ತೀರಿ, ಅದೇ ತತ್ವ. ಮೊದಲ ಮೂರನ್ನು ಗುಣಿಸಿದರೆ ನಾಲ್ಕನೆಯದು ಬರಬೇಕು. ಗುಣಿಸಿ ನೋಡಿ, 2.8 ಮೈಕ್ರೋಹೆನ್ರಿ ಬರುತ್ತದೆ, ಸುಮಾರು ಮೂರು. ಈ ಸಮತೋಲ ಇದ್ದರೆ ದೊಡ್ಡ ಟ್ರಾನ್ಸಿಸ್ಟರುಗಳ ದೋಷ ಸ್ಪೀಕರಿಗೆ ತಲುಪುವುದೇ ಇಲ್ಲ. ಕಾರ್ಖಾನೆಯಲ್ಲಿ ತಿರುಪು ತಿರುಗಿಸಿ ಹೊಂದಿಸುವ ಕೆಲಸ ಇಲ್ಲ. ಇದು ಫೀಡ್‌ಬ್ಯಾಕೇ ಬೇರೆ ವೇಷದಲ್ಲಿ ಬಂದದ್ದೋ, ಹೊಸತೋ ಎಂದು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ವಾದ ನಡೆಯುತ್ತಿರುವಾಗಲೇ 1978ರಲ್ಲಿ ಇದಕ್ಕೆ ಬ್ರಿಟನ್ನಿನ ಕ್ವೀನ್ಸ್ ಅವಾರ್ಡ್ ಬಂತು.

ನನ್ನ ಪೆಟ್ಟಿಗೆ ಅಷ್ಟು ಜಾಣತನದ್ದಲ್ಲ. ಇಂಗ್ಲೆಂಡಿನವರೇ ಆದ ಡಗ್ಲಸ್ ಸೆಲ್ಫ್ 1993ರಿಂದ ಬರೆದ ಲೇಖನಮಾಲೆಯಲ್ಲಿ ಆಂಪ್ಲಿಫೈಯರಿನ ದೋಷಗಳನ್ನು ಒಂದೊಂದಾಗಿ ಬೇರ್ಪಡಿಸಿ, ಯಾವುದು ಎಲ್ಲಿಂದ ಹುಟ್ಟುತ್ತದೆ, ಹೇಗೆ ಕಳೆಯುವುದು ಎಂದು ಅಳತೆ ಸಮೇತ ತೋರಿಸಿದರು. ನಾನು ನಡೆದದ್ದು ಆ ದಾರಿ. ಅದರಲ್ಲಿ ನನಗೆ ಆಶ್ಚರ್ಯ ತಂದ ಸಂಗತಿ, ಕೆಲವು ದೋಷಗಳಿಗೆ ಕಾರಣ ಬಿಡಿಭಾಗವೇ ಅಲ್ಲ, ವೈರು ಹೋಗುವ ದಾರಿ. ದೊಡ್ಡ ಕರೆಂಟು ಹರಿಯುವ ವೈರಿನ ಸುತ್ತ ಕಾಂತಕ್ಷೇತ್ರ ಇರುತ್ತದೆ, ಅದು ಪಕ್ಕದ ಸಣ್ಣ ಸಂಕೇತಕ್ಕೆ ಸೋರುತ್ತದೆ. ವೈರುಗಳನ್ನು ಹೆಣೆದು ದೂರ ಕಟ್ಟಿದರೆ ಸರಿಹೋಯಿತು. ಅರ್ತ್ ಎಲ್ಲಿ ಕೂಡಬೇಕೋ ಅಲ್ಲೇ ಕೂಡಿಸಬೇಕು. ಇದಕ್ಕೆ ದುಡ್ಡು ಬೇಡ, ಭಾನುವಾರಗಳು ಬೇಕು.

ಹಾಗಾದರೆ ಮೂರು ಲಕ್ಷದ ಪೆಟ್ಟಿಗೆಯ ಧ್ವನಿ ಬೇರೆಯೇ? 1985ರಲ್ಲಿ ಅಮೆರಿಕದ ವಿನ್ಯಾಸಕಾರ ಬಾಬ್ ಕಾರ್ವರ್ 'ಸ್ಟೀರಿಯೋಫೈಲ್' ಎಂಬ ಪತ್ರಿಕೆಯವರಿಗೆ ಸವಾಲು ಹಾಕಿದರು: ನೀವು ಮೆಚ್ಚುವ ಯಾವುದೇ ದುಬಾರಿ ಆಂಪ್ಲಿಫೈಯರ್ ಕೊಡಿ, 48 ಗಂಟೆಯಲ್ಲಿ ನನ್ನ ಅಗ್ಗದ ಆಂಪ್ಲಿಫೈಯರನ್ನು ತಿದ್ದಿ ಅದರಂತೆಯೇ ಮಾಡುತ್ತೇನೆ. ಎರಡಕ್ಕೂ ಒಂದೇ ಸಂಗೀತ ಕೊಟ್ಟು, ಎರಡರ ಔಟ್‌ಪುಟ್‌ನ ವ್ಯತ್ಯಾಸವನ್ನು ಮಾತ್ರ ಕೇಳುತ್ತಾ, ಆ ವ್ಯತ್ಯಾಸ 70 ಡೆಸಿಬೆಲ್ ಕೆಳಗೆ, ಅಂದರೆ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುವ ತನಕ ತಿದ್ದಿದರು. ಆಮೇಲೆ ಪತ್ರಿಕೆಯವರಿಗೆ ಎರಡನ್ನು ಗುರುತಿಸಲು ಆಗಲಿಲ್ಲ. ಆದರೆ ಇದು ಅಮೆರಿಕದ ಕಥೆ, ಅಲ್ಲಿನ ಎರಡು ಪೆಟ್ಟಿಗೆಗಳ ಕಥೆ. ನಮ್ಮ ಜಗಳ ಇದರಿಂದ ತೀರುವುದಿಲ್ಲ.

ಆದ್ದರಿಂದ ಈಗ ನೀವು ಕೇಳಬೇಕು. ಇದೇ ನಾನು ಹೇಳಿದ ಕೆಲಸ. ಸದ್ದು ಚೂರು ಹೆಚ್ಚಿದ್ದರೂ ಸಾಕು, ಅದೇ ಚೆನ್ನಾಗಿದೆ ಎನ್ನಿಸುತ್ತದೆ. ಅದಕ್ಕೆ ಬೆಳಿಗ್ಗೆಯೇ ಮಲ್ಟಿಮೀಟರ್ ಇಟ್ಟು ಎರಡರ ಔಟ್‌ಪುಟ್ಟನ್ನೂ ನೂರಕ್ಕೆ ಒಂದು ಪಾಲಿನ ಒಳಗೆ ಸಮ ಮಾಡಿದ್ದೇನೆ. ಸ್ವಿಚ್ಚು ಪರದೆಯ ಹಿಂದಿದೆ. ಅದನ್ನು ತಿರುಗಿಸುವವರು ನಮ್ಮ ಗಣಿತದ ಮೇಡಂ. ಪ್ರತಿ ಸಲವೂ ನಾಣ್ಯ ಚಿಮ್ಮಿ ಯಾವುದು ಎಂದು ತೀರ್ಮಾನಿಸಿ ಬರೆದಿಟ್ಟುಕೊಳ್ಳುತ್ತಾರೆ. ನಾನು ಈ ಕಡೆ ನಿಂತಿರುತ್ತೇನೆ, ನನಗೂ ಗೊತ್ತಿರುವುದಿಲ್ಲ. ಮೊದಲು 'ಅ' ಮತ್ತು 'ಬ' ಎರಡನ್ನೂ ಹೇಳಿ ಕೇಳಿಸುತ್ತೇವೆ. ಆಮೇಲೆ ಹೇಳದೆ 16 ಸಲ. ಒಂದೊಂದು ಸಲವೂ ಚೀಟಿಯಲ್ಲಿ 'ಅ' ಅಥವಾ 'ಬ' ಬರೆಯಿರಿ.

ಬರೀ ಊಹೆ ಮಾಡಿದವರಿಗೆ ಎಂಟರ ಆಸುಪಾಸು ಸರಿ ಬರುತ್ತದೆ. 12 ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆದರೆ ನೀವು ಇಲ್ಲಿ ಸುಮಾರು ಇನ್ನೂರು ಜನ ಇದ್ದೀರಿ. ಎಲ್ಲರೂ ಕಣ್ಣು ಮುಚ್ಚಿ ಊಹಿಸಿದರೂ ಏಳೆಂಟು ಜನರಿಗೆ 12 ಬಂದೇ ಬರುತ್ತದೆ, ಅವರು ತಮ್ಮ ಕಿವಿ ಚಿನ್ನದ್ದು ಎಂದುಕೊಳ್ಳುತ್ತಾರೆ. ಅದಕ್ಕೇ 12 ದಾಟಿದವರನ್ನು ಮಧ್ಯಾಹ್ನ ಊಟವಾದ ಮೇಲೆ ಕರೆದು ಇನ್ನೊಮ್ಮೆ 16 ಸಲ ಕೇಳಿಸುತ್ತೇವೆ. ಆಗಲೂ ಅವರಲ್ಲಿ ಹೆಚ್ಚಿನವರಿಗೆ 12 ಬಂದರೆ ವ್ಯತ್ಯಾಸ ನಿಜ, ಫಾರಿನ್ ಪೆಟ್ಟಿಗೆ ಬರಲಿ, ನಾನು ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತೇನೆ. ಬರದಿದ್ದರೆ ಹಣ ಲ್ಯಾಬಿಗೆ. ಎರಡೂ ಪಕ್ಷದವರು ನಿನ್ನೆ ರಾತ್ರಿ ಇದಕ್ಕೆ ಒಪ್ಪಿದ್ದಾರೆ, ಒಪ್ಪಿದ್ದು ವಾಟ್ಸಾಪಿನಲ್ಲಿ ಇದೆ.

ಫ್ಯಾನುಗಳನ್ನು ಆರಿಸುತ್ತಿದ್ದೇವೆ, ಸ್ವಲ್ಪ ಸೆಕೆ ತಡೆದುಕೊಳ್ಳಿ. ಹಿರಿಯರೂ ಚೀಟಿ ತೆಗೆದುಕೊಳ್ಳಬಹುದು. ಪಕ್ಕದವರದ್ದು ನೋಡಬೇಡಿ. ಮೊದಲು ಬರುವುದು ತಂಬೂರಿ, ಮೆಲ್ಲಗೆ. ಮೇಡಂ, ನಾಣ್ಯ ಚಿಮ್ಮಿ.